ಒಂದೇ ಹೆಸರು, ಥ್ರೆಡ್‌ಗೊಂದು ಪ್ರತಿ: ಥ್ರೆಡ್-ಲೋಕಲ್ ಸ್ಟೋರೇಜ್ ಒಳಗೆ ಏನು ನಡೆಯುತ್ತದೆ?

ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ ಫೈಲ್ ತೆರೆಯಲು ಹೋಗುತ್ತದೆ, ಆಗುವುದಿಲ್ಲ. ‘ಓಪನ್’ ಫಂಕ್ಷನ್ -1 ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಯಾಕೆ ಆಗಲಿಲ್ಲ? ಆ ಹೆಸರಿನ ಫೈಲೇ ಇಲ್ಲವಾ, ಇದ್ದರೂ ತೆರೆಯಲು ಅನುಮತಿ ಇಲ್ಲವಾ? ಕಾರಣ ಬೇಕೆಂದರೆ ‘ಎರ್‌ನೋ’ ಎಂಬ ವೇರಿಯಬಲ್ ನೋಡಬೇಕು. ಲಿನಕ್ಸ್‌ನಲ್ಲಿ ಫೈಲ್ ಇಲ್ಲದಿದ್ದರೆ ಅದರಲ್ಲಿ 2 ಇರುತ್ತದೆ, ಅನುಮತಿ ಇಲ್ಲದಿದ್ದರೆ 13.

ಹಳೆಯ ಯುನಿಕ್ಸ್ ಕಾಲದಲ್ಲಿ ಎರ್‌ನೋ ಒಂದು ಸಾದಾ ಗ್ಲೋಬಲ್ ವೇರಿಯಬಲ್. ಇಡೀ ಪ್ರೋಗ್ರಾಂಗೆ ಒಂದೇ. ಕೆಲಸ ಒಂದಾದ ಮೇಲೊಂದು ಸಾಲಾಗಿ ನಡೆಯುತ್ತಿದ್ದಷ್ಟು ದಿನ ಅದರಿಂದ ಏನೂ ತೊಂದರೆ ಇರಲಿಲ್ಲ. ಒಂದೇ ಪ್ರೋಗ್ರಾಂ ಒಳಗೆ ಹಲವು ಥ್ರೆಡ್‌ಗಳು, ಅಂದರೆ ಒಂದೇ ಮೆಮೊರಿಯನ್ನು ಹಂಚಿಕೊಂಡು ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳು, ಓಡತೊಡಗಿದ ಮೇಲೆ ಅದು ಕೈಕೊಟ್ಟಿತು.

ಹೇಗೆ ಅಂತ ನಿಧಾನವಾಗಿ ನೋಡೋಣ. ಮೊದಲ ಥ್ರೆಡ್ ಇಲ್ಲದ ಫೈಲನ್ನು ತೆರೆಯಲು ಹೋಯಿತು. ಎರ್‌ನೋದಲ್ಲಿ 2 ಬಂದು ಕೂತಿತು. ಅದನ್ನು ಓದುವ ಮೊದಲೇ ಆಪರೇಟಿಂಗ್ ಸಿಸ್ಟಮ್ ಆ ಥ್ರೆಡ್ಡನ್ನು ನಿಲ್ಲಿಸಿ ಎರಡನೆಯದಕ್ಕೆ ಸರದಿ ಕೊಟ್ಟಿತು. ಎರಡನೆಯದು ಬೇರೆ ಯಾವುದೋ ಫೈಲ್ ತೆರೆಯಲು ಹೋಗಿ ಅನುಮತಿ ಸಿಗದೆ ಸೋತಿತು. ಈಗ ಎರ್‌ನೋದಲ್ಲಿ 13. ಮತ್ತೆ ಮೊದಲನೆಯದರ ಸರದಿ ಬಂತು. ಅದು ಎರ್‌ನೋ ನೋಡಿತು, 13 ಕಂಡಿತು, ‘ಅನುಮತಿ ಇಲ್ಲ’ ಅಂತ ಬಳಕೆದಾರರಿಗೆ ಹೇಳಿತು. ಇಲ್ಲದ ಫೈಲಿನ ಅನುಮತಿ ಸರಿಮಾಡಲು ಅವರು ಹುಡುಕುತ್ತಾ ಕೂರುತ್ತಾರೆ. ಕೋಡನ್ನು ಎಷ್ಟು ಸಲ ಓದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಯಾವ ಸಾಲೂ ತಪ್ಪಿಲ್ಲ. ಸಾಲುಗಳ ನಡುವಿನ ಸಂದಿಯಲ್ಲಿ ಬೇರೆಯವರು ಬಂದು ಹೋಗಿದ್ದಾರೆ, ಅಷ್ಟೇ.

ಲಾಕ್ ಹಾಕಿದರೆ ಸಾಲದಾ?

ಥ್ರೆಡ್‌ಗಳ ತಕರಾರು ಅಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಲಾಕ್, ಅಂದರೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಒಳಗೆ ಹೋಗುವಂತೆ ಹಾಕುವ ಬೀಗ. ಇಲ್ಲಿ ಅದನ್ನು ಎಲ್ಲಿ ಹಾಕುತ್ತೀರಿ, ಯೋಚಿಸಿ. ಎರ್‌ನೋಗೆ ಬರೆಯುವುದು ಲೈಬ್ರರಿಯ ಒಳಗೆ. ಓದುವುದು ನಿಮ್ಮ ಕೋಡಿನಲ್ಲಿ. ಎರಡರ ನಡುವೆ ಯಾರೂ ನುಗ್ಗಬಾರದು ಅಂದರೆ, ಫಂಕ್ಷನ್ ಕರೆಯುವ ಮೊದಲೇ ಲಾಕ್ ಹಿಡಿದು, ಎರ್‌ನೋ ಓದಿದ ಮೇಲೆ ಬಿಡಬೇಕು. ಅಂದರೆ ಇಡೀ ಪ್ರೋಗ್ರಾಂನಲ್ಲಿ ಒಂದು ಹೊತ್ತಿಗೆ ಒಂದೇ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ಮಾಡುವ ಕೋರಿಕೆ). ನೆಟ್‌ವರ್ಕ್‌ನಿಂದ ಡೇಟಾ ಬರಲಿ ಅಂತ ಒಂದು ಥ್ರೆಡ್ ಕಾಯುತ್ತಾ ನಿಂತರೆ ಉಳಿದ ಎಲ್ಲವೂ ಅದರ ಹಿಂದೆ ನಿಲ್ಲಬೇಕು. ಥ್ರೆಡ್ ಬಳಸಿದ್ದಕ್ಕೆ ಅರ್ಥವೇ ಉಳಿಯಲಿಲ್ಲ ಅಲ್ವಾ?

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಲವರು ಹಂಚಿಕೊಳ್ಳಲೇಬೇಕಾದ ಡೇಟಾ ಇದ್ದಾಗ ಲಾಕ್ ಬೇಕು. ಒಂದೇ ಖಾತೆಯ ಬಾಕಿ ಮೊತ್ತವನ್ನು ಎರಡು ಥ್ರೆಡ್ ತಿದ್ದುವಾಗ, ಒಂದೇ ಕ್ಯೂನಿಂದ ಕೆಲಸ ಎತ್ತಿಕೊಳ್ಳುವಾಗ ಲಾಕ್ ಇಲ್ಲದೆ ಆಗುವುದಿಲ್ಲ. ಎರ್‌ನೋ ಅಂಥದ್ದಲ್ಲ. ಒಂದು ಥ್ರೆಡ್ಡಿನ ಸೋಲಿನ ಕಾರಣ ಇನ್ನೊಂದಕ್ಕೆ ಬೇಕಾಗಿಯೇ ಇಲ್ಲ. ಹಂಚುವ ಅಗತ್ಯವೇ ಇಲ್ಲದ್ದನ್ನು ಹಂಚಿಟ್ಟಿದ್ದೇ ಇಲ್ಲಿನ ತಪ್ಪು. ಹಾಗಾಗಿ ಲಾಕ್ ಹುಡುಕುವ ಮೊದಲು ಕೇಳಬೇಕಾದ ಪ್ರಶ್ನೆ: ಈ ಡೇಟಾ ಯಾರದ್ದು? ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಪ್ರತಿ ಥ್ರೆಡ್‌ಗೂ ತನ್ನದೇ ಸ್ಟ್ಯಾಕ್, ಅಂದರೆ ನಡೆಯುತ್ತಿರುವ ಫಂಕ್ಷನ್‌ಗಳಿಗೆ ಬೇಕಾದ ಮೆಮೊರಿ ಜಾಗ, ಇರುತ್ತದೆ. ಹಾಗಾಗಿ ಫಂಕ್ಷನ್ ಒಳಗಿನ ಲೋಕಲ್ ವೇರಿಯಬಲ್‌ಗಳು ತಾವಾಗಿಯೇ ಥ್ರೆಡ್ಡಿನ ಸ್ವಂತ. ಆದರೆ ಫಂಕ್ಷನ್ ಮುಗಿದರೆ ಅವೂ ಮುಗಿದವು. ಹತ್ತು ಹಂತ ಕೆಳಗಿನ ಫಂಕ್ಷನ್ನಿಗೆ ಅವು ಬೇಕೆಂದರೆ ನಡುವಿನ ಪ್ರತಿಯೊಂದಕ್ಕೂ ಪ್ಯಾರಾಮೀಟರ್ ಆಗಿ ದಾಟಿಸಬೇಕು. ಎಲ್ಲಿಂದಾದರೂ ಕೈಗೆ ಸಿಗಬೇಕು, ಫಂಕ್ಷನ್ ಮುಗಿದರೂ ಉಳಿಯಬೇಕು, ಆದರೂ ಪ್ರತಿ ಥ್ರೆಡ್‌ಗೂ ಬೇರೆ ಇರಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗವೇ ಥ್ರೆಡ್-ಲೋಕಲ್ ಸ್ಟೋರೇಜ್. 1995ರಲ್ಲಿ ಪೋಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಿಗೆ ಇರುವ ಸಾಮಾನ್ಯ ನಿಯಮಾವಳಿ) ಥ್ರೆಡ್ ಮಾನದಂಡ ಬಂದಾಗ, ಎರ್‌ನೋ ಪ್ರತಿ ಥ್ರೆಡ್‌ಗೂ ಬೇರೆಯೇ ಇರಬೇಕು ಅಂತ ಕಡ್ಡಾಯವಾಯಿತು. ಇವತ್ತಿನ ಗ್ನು ಸಿ ಲೈಬ್ರರಿಯಲ್ಲಿ ಎರ್‌ನೋ ಎಂಬುದು ಒಂದು ಮ್ಯಾಕ್ರೋ, ಅಂದರೆ ಕಂಪೈಲ್ ಮಾಡುವಾಗ ಬೇರೆ ಕೋಡ್ ಆಗಿ ಬದಲಾಗುವ ಹೆಸರು. ಒಳಗೆ ಅದು ಒಂದು ಫಂಕ್ಷನ್ ಕರೆಯುತ್ತದೆ. ‘ಈಗ ಓಡುತ್ತಿರುವ ಥ್ರೆಡ್ಡಿನ ಎರ್‌ನೋ ಎಲ್ಲಿದೆ’ ಅಂತ ಆ ಫಂಕ್ಷನ್ ವಿಳಾಸ ಕೊಡುತ್ತದೆ. ಬಹುಪಾಲು ಹಳೆಯ ಕೋಡ್ ಒಂದಕ್ಷರವೂ ಬದಲಾಗದೆ ಮತ್ತೆ ಕಂಪೈಲ್ ಆದರೆ ಸಾಕಾಯಿತು.

ಕೀಲಿಯ ದಾರಿ

ಪೋಸಿಕ್ಸ್ ಕೊಟ್ಟ ಮೊದಲ ಸಲಕರಣೆಗೆ ಭಾಷೆಯ ನೆರವೇನೂ ಬೇಕಿಲ್ಲ, ನಾಲ್ಕು ಫಂಕ್ಷನ್ ಸಾಕು. ‘ಪಿಥ್ರೆಡ್ ಕೀ ಕ್ರಿಯೇಟ್’ ಒಂದು ಕೀಲಿ ಕೊಡುತ್ತದೆ. ‘ಸೆಟ್ ಸ್ಪೆಸಿಫಿಕ್’ ಆ ಕೀಲಿಯ ಕೆಳಗೆ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ಇಡುತ್ತದೆ. ‘ಗೆಟ್ ಸ್ಪೆಸಿಫಿಕ್’ ಅದನ್ನು ತೆಗೆದುಕೊಡುತ್ತದೆ. ‘ಕೀ ಡಿಲೀಟ್’ ಕೀಲಿಯನ್ನು ವಾಪಸು ಮಾಡುತ್ತದೆ.

ಪ್ರತಿಯೊಬ್ಬರಿಗೂ ಒಂದೇ ಅಳತೆಯ, ನಂಬರ್ ಹಾಕಿದ ಖಾನೆಗಳಿರುವ ಕಪಾಟು ಕೊಟ್ಟಿದ್ದಾರೆ ಅಂದುಕೊಳ್ಳಿ. ‘ಏಳನೇ ಖಾನೆ ತೆಗೆ’ ಅಂದರೆ ಎಲ್ಲರೂ ತಂತಮ್ಮ ಕಪಾಟಿನ ಏಳನೇ ಖಾನೆ ತೆಗೆಯುತ್ತಾರೆ. ನಂಬರ್ ಒಂದೇ, ಒಳಗಿರುವುದು ಬೇರೆ. ಇಲ್ಲಿ ಕೀಲಿ ಅಂದರೆ ಆ ಖಾನೆಯ ನಂಬರ್. ಎಲ್ಲ ಥ್ರೆಡ್‌ಗಳಿಗೂ ಕೀಲಿ ಒಂದೇ ಆಗಿರಬೇಕು, ಆದ್ದರಿಂದ ಅದನ್ನು ಸಾದಾ ಗ್ಲೋಬಲ್ ವೇರಿಯಬಲ್‌ನಲ್ಲೇ ಇಡುತ್ತಾರೆ. ಅದನ್ನು ಒಂದೇ ಸಲ ಮಾಡಬೇಕು. ಎರಡು ಥ್ರೆಡ್ ಒಟ್ಟಿಗೆ ಬಂದು ಎರಡು ಕೀಲಿ ಮಾಡಿಬಿಟ್ಟರೆ, ಮೊದಲನೆಯದರ ಕೆಳಗೆ ಇಟ್ಟದ್ದು ಕಳೆದುಹೋದಂತೆಯೇ. ಅದಕ್ಕಾಗಿಯೇ ‘ಪಿಥ್ರೆಡ್ ಒನ್ಸ್’ ಅಂತ ಇನ್ನೊಂದು ಫಂಕ್ಷನ್ ಇದೆ. ಎಷ್ಟು ಥ್ರೆಡ್ ಕರೆದರೂ ಅದು ನೀವು ಕೊಟ್ಟ ಕೆಲಸವನ್ನು ಒಮ್ಮೆ ಮಾತ್ರ ಮಾಡುತ್ತದೆ.

ಉದಾಹರಣೆಗೆ ಒಂದು ಲಾಗ್ ಲೈಬ್ರರಿ ತೆಗೆದುಕೊಳ್ಳಿ. ಪ್ರತಿ ಥ್ರೆಡ್ ತನ್ನ ಸಂದೇಶಗಳನ್ನು 4096 ಬೈಟ್‌ಗಳ ಸ್ವಂತ ಬಫರ್‌ನಲ್ಲಿ ಕೂಡಿಟ್ಟು, ತುಂಬಿದಾಗ ಒಟ್ಟಿಗೆ ಫೈಲ್‌ಗೆ ಬರೆಯಬೇಕು. ಲಾಗ್ ಫಂಕ್ಷನ್ ಮೊದಲು ಕೀಲಿ ಹಿಡಿದು ಕೇಳುತ್ತದೆ: ನನ್ನ ಬಫರ್ ಎಲ್ಲಿ? ಹೊಸ ಥ್ರೆಡ್ ಆದರೆ ಉತ್ತರ ನಲ್, ಅಂದರೆ ಏನೂ ಇಲ್ಲ. ಆಗ ಬಫರ್‌ಗೆ ಜಾಗ ಪಡೆದು ಕೀಲಿಯ ಕೆಳಗೆ ಇಡುತ್ತದೆ. ಮುಂದಿನ ಸಲ ಅದೇ ಥ್ರೆಡ್ ಬಂದರೆ ಬಫರ್ ಸಿದ್ಧವಾಗಿ ಸಿಗುತ್ತದೆ. ಒಂದೇ ಒಂದು ಲಾಕ್ ಇಲ್ಲದೆ ಬಫರ್‌ಗೆ ಬರೆಯುವ ಕೆಲಸ ಮುಗಿಯಿತು.

ಥ್ರೆಡ್ ಸತ್ತಾಗ? ಬಫರ್‌ನಲ್ಲಿ ಉಳಿದ ಸಂದೇಶಗಳನ್ನು ಬರೆದು, ಜಾಗವನ್ನು ವಾಪಸು ಕೊಡಬೇಕಲ್ಲ. ಕೀಲಿ ಮಾಡುವಾಗಲೇ ನೀವು ಒಂದು ಡಿಸ್ಟ್ರಕ್ಟರ್, ಅಂದರೆ ಕೊನೆಯಲ್ಲಿ ಶುಚಿ ಮಾಡುವ ಫಂಕ್ಷನ್, ಕೊಡಬಹುದು. ಥ್ರೆಡ್ ಮುಗಿಯುವಾಗ ಆ ಕೀಲಿಯ ಕೆಳಗೆ ನಲ್ ಅಲ್ಲದ ಪಾಯಿಂಟರ್ ಇದ್ದರೆ, ಸಿಸ್ಟಮ್ ಮೊದಲು ಖಾನೆಯನ್ನು ನಲ್ ಮಾಡಿ, ಹಳೆಯ ಪಾಯಿಂಟರನ್ನು ನಿಮ್ಮ ಫಂಕ್ಷನ್ನಿಗೆ ಕೊಡುತ್ತದೆ.

ಮೊದಲೇ ನಲ್ ಮಾಡುವುದು ಯಾಕೆ? ಈ ಸಣ್ಣ ವಿವರದ ಹಿಂದೆ ಒಳ್ಳೆಯ ಯೋಚನೆ ಇದೆ. ಡೇಟಾಬೇಸ್ ಕನೆಕ್ಷನ್ ಇಡುವ ಇನ್ನೊಂದು ಕೀಲಿಯೂ ಇದೆ ಅಂತಿಟ್ಟುಕೊಳ್ಳಿ. ಅದರ ಡಿಸ್ಟ್ರಕ್ಟರ್ ಕನೆಕ್ಷನ್ ಮುಚ್ಚುತ್ತಾ ‘ಮುಚ್ಚಿದೆ’ ಅಂತ ಲಾಗ್ ಮಾಡುತ್ತದೆ. ಅಷ್ಟರಲ್ಲಿ ಲಾಗ್ ಬಫರ್‌ನ ಡಿಸ್ಟ್ರಕ್ಟರ್ ಆಗಲೇ ಓಡಿ ಮುಗಿದಿದ್ದರೆ? ಖಾನೆಯಲ್ಲಿ ಹಳೆಯ ಪಾಯಿಂಟರ್ ಹಾಗೇ ಉಳಿದಿದ್ದರೆ ಲಾಗ್ ಫಂಕ್ಷನ್ ಸತ್ತ ಮೆಮೊರಿಗೆ ಬರೆಯುತ್ತಿತ್ತು. ನಲ್ ಇರುವುದರಿಂದ ಅದು ಹೊಸ ಬಫರ್ ಮಾಡಿಕೊಳ್ಳುತ್ತದೆ. ಈಗ ಆ ಹೊಸ ಬಫರನ್ನೂ ಶುಚಿ ಮಾಡಬೇಕು. ಹಾಗಾಗಿ ಸಿಸ್ಟಮ್ ಇನ್ನೊಂದು ಸುತ್ತು ಹೊಡೆಯುತ್ತದೆ. ಕನಿಷ್ಠ 4 ಸುತ್ತು ಹೊಡೆಯಬೇಕು ಅಂತ ಪೋಸಿಕ್ಸ್ ನಿಯಮ. ಅದಾದ ಮೇಲೂ ಏನಾದರೂ ಉಳಿದರೆ ಸಿಸ್ಟಮ್ ಕೈಬಿಡಬಹುದು. ಯಾವ ಕೀಲಿಯ ಡಿಸ್ಟ್ರಕ್ಟರ್ ಮೊದಲು ಓಡುತ್ತದೆ ಅನ್ನುವುದಕ್ಕೂ ಖಾತ್ರಿ ಇಲ್ಲ. ಒಂದರ ಡಿಸ್ಟ್ರಕ್ಟರ್ ಇನ್ನೊಂದನ್ನು ನಂಬಿಕೊಂಡಿದ್ದರೆ ಆ ವಿನ್ಯಾಸವನ್ನೇ ಬದಲಿಸಿ, ಸುತ್ತುಗಳ ಲೆಕ್ಕ ಇಟ್ಟುಕೊಂಡು ಕೂರಬೇಡಿ.

ಇನ್ನೆರಡು ಕಡೆ ಜನ ಎಡವುವುದು ಜಾಸ್ತಿ. ‘ಕೀ ಡಿಲೀಟ್’ ಕರೆದರೆ ಡಿಸ್ಟ್ರಕ್ಟರ್ ಓಡುವುದಿಲ್ಲ. ಥ್ರೆಡ್‌ಗಳು ಇಟ್ಟದ್ದನ್ನು ಅಷ್ಟರೊಳಗೆ ನೀವೇ ಖಾಲಿ ಮಾಡಿರಬೇಕು. ಎರಡನೆಯದು, ‘ಮೇನ್’ ಫಂಕ್ಷನ್ ಮುಗಿದು ಇಡೀ ಪ್ರೋಗ್ರಾಂ ನಿಂತಾಗಲೂ ಅವು ಓಡುವುದಿಲ್ಲ. ನಮ್ಮ ಲಾಗ್ ಬಫರ್‌ನ ಕೊನೆಯ ಸಂದೇಶಗಳು, ಅಂದರೆ ಏನೋ ಕೆಟ್ಟಾಗ ಎಲ್ಲಕ್ಕಿಂತ ಹೆಚ್ಚು ಬೇಕಾದವು, ಫೈಲ್ ಸೇರುವುದೇ ಇಲ್ಲ. ಮುಖ್ಯ ಥ್ರೆಡ್ಡಿನ ಬಫರನ್ನು ಕೈಯಾರೆ ಬರೆದು ಮುಗಿಸಬೇಕು.

ಕೀಲಿಗಳಿಗೆ ಮಿತಿಯೂ ಇದೆ. ಪೋಸಿಕ್ಸ್ ಕೊಡುವ ಭರವಸೆ ಕನಿಷ್ಠ 128. ಲಿನಕ್ಸ್‌ನಲ್ಲಿ 1024. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ‘ಟಿಎಲ್‌ಎಸ್ ಅಲಾಕ್’ ಮತ್ತು ಅದರ ಜೊತೆಯವು ಇವೆ (ಟಿಎಲ್‌ಎಸ್ ಅಂದರೆ ಥ್ರೆಡ್-ಲೋಕಲ್ ಸ್ಟೋರೇಜ್). ಅಲ್ಲಿ ಒಂದು ಪ್ರೋಸೆಸ್‌ಗೆ 1088 ಜಾಗ. ಆದರೆ ಅದರಲ್ಲಿ ಡಿಸ್ಟ್ರಕ್ಟರ್ ಕೊಡುವ ವ್ಯವಸ್ಥೆ ಇಲ್ಲ. ಥ್ರೆಡ್ ಮುಗಿದ ಸುದ್ದಿಯನ್ನು ನೀವೇ ಬೇರೆ ದಾರಿಯಲ್ಲಿ ತಿಳಿದುಕೊಂಡು ಶುಚಿ ಮಾಡಬೇಕು.

ಕಂಪೈಲರ್ ಕೈಜೋಡಿಸಿದಾಗ

ಪ್ರತಿ ಸಲ ಫಂಕ್ಷನ್ ಕರೆಯುವುದು, ಪಾಯಿಂಟರ್‌ಗೆ ಟೈಪ್ ಹಚ್ಚುವುದು ಬೇಸರದ ಕೆಲಸ. ಹಾಗಾಗಿ ಕಂಪೈಲರ್‌ಗಳೇ ಇದನ್ನು ವಹಿಸಿಕೊಂಡವು. ಜಿಸಿಸಿ ಕಂಪೈಲರ್‌ನಲ್ಲಿ ಮೊದಲು ‘ಥ್ರೆಡ್’ ಎಂಬ ವಿಶೇಷ ಗುರುತು ಬಂತು. 2011ರಲ್ಲಿ ಸಿ ಮತ್ತು ಸಿ++ ಎರಡರ ಮಾನದಂಡಕ್ಕೂ ‘ಥ್ರೆಡ್ ಲೋಕಲ್’ ಸೇರಿತು. ವೇರಿಯಬಲ್ ಘೋಷಿಸುವಾಗ ಶುರುವಿನಲ್ಲಿ ಆ ಪದ ಹಾಕಿದರೆ ಮುಗಿಯಿತು. ಬಳಸುವಾಗ ಸಾದಾ ವೇರಿಯಬಲ್ ತರಹವೇ.

ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಎರಡು ಥ್ರೆಡ್‌ಗಳು ಓಡಿಸುವ ಮೆಷಿನ್ ಕೋಡ್ ಒಂದೇ. ಬೈಟ್‌ಗೆ ಬೈಟ್ ಅದೇ. ಆದರೂ ಒಂದೇ ಸೂಚನೆ ಒಂದು ಥ್ರೆಡ್‌ನಲ್ಲಿ ಒಂದು ಮೆಮೊರಿ ಜಾಗವನ್ನು, ಇನ್ನೊಂದರಲ್ಲಿ ಬೇರೆ ಜಾಗವನ್ನು ಮುಟ್ಟುತ್ತದೆ. ಇದು ಹೇಗೆ ಸಾಧ್ಯ?

ಉತ್ತರ ಪ್ರೋಸೆಸರ್‌ನ ಒಂದು ರಿಜಿಸ್ಟರ್‌ನಲ್ಲಿದೆ, ಅಂದರೆ ಪ್ರೋಸೆಸರ್ ಒಳಗೇ ಇರುವ ಪುಟ್ಟ ಖಾನೆಯಲ್ಲಿ. ಎಕ್ಸ್86-64 ಪ್ರೋಸೆಸರ್ ಮೇಲೆ ಓಡುವ ಲಿನಕ್ಸ್, ಎಫ್‌ಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರನ್ನು ಇದಕ್ಕಾಗಿ ಎತ್ತಿಟ್ಟಿದೆ. 64 ಬಿಟ್ ವಿಂಡೋಸ್ ಜಿಎಸ್ ಬಳಸುತ್ತದೆ. 64 ಬಿಟ್ ಆರ್ಮ್‌ನಲ್ಲಿ ‘ಟಿಪಿಐಡಿಆರ್’ ಸರಣಿಯ ರಿಜಿಸ್ಟರ್ ಇದೆ. ರಿಸ್ಕ್-ಫೈವ್‌ನಲ್ಲಿ ‘ಟಿಪಿ’, ಅಂದರೆ ಥ್ರೆಡ್ ಪಾಯಿಂಟರ್ ಅಂತ ನೇರವಾಗಿ ಹೆಸರಿಟ್ಟ ರಿಜಿಸ್ಟರ್ರೇ ಇದೆ. ಈಗ ಓಡುತ್ತಿರುವ ಥ್ರೆಡ್ಡಿನ ಖಾಸಗಿ ಜಾಗ ಎಲ್ಲಿದೆ ಅನ್ನುವುದಕ್ಕೆ ಈ ರಿಜಿಸ್ಟರ್ ಆಧಾರ ವಿಳಾಸ ಕೊಡುತ್ತದೆ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಒಂದು ಥ್ರೆಡ್ಡನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವಾಗ ಉಳಿದ ರಿಜಿಸ್ಟರ್‌ಗಳ ಜೊತೆ ಇದನ್ನೂ ಬದಲಿಸುತ್ತದೆ. ಕಂಪೈಲರ್ ಬರೆಯುವ ಸೂಚನೆ ಇಷ್ಟೇ: ಎಫ್‌ಎಸ್ ತೋರಿಸುವ ಜಾಗದಿಂದ ಇಷ್ಟು ಬೈಟ್ ದೂರದಲ್ಲಿರುವುದನ್ನು ತೆಗೆ. ದೂರ ಎಲ್ಲರಿಗೂ ಒಂದೇ. ಅಳೆಯಲು ಶುರುಮಾಡುವ ಜಾಗ ಮಾತ್ರ ಬೇರೆ.

ಆ ಖಾಸಗಿ ಜಾಗಕ್ಕೆ ಆರಂಭದ ಮೌಲ್ಯ ಎಲ್ಲಿಂದ ಬರುತ್ತದೆ? ಪ್ರೋಗ್ರಾಂ ಫೈಲ್‌ನ ಒಳಗೆ ಇದಕ್ಕೆ ಬೇರೆ ವಿಭಾಗಗಳಿವೆ. ಲಿನಕ್ಸ್ ಬಳಸುವ ಈಎಲ್‌ಎಫ್ ಮಾದರಿಯ ಫೈಲ್‌ಗಳಲ್ಲಿ ಆರಂಭದ ಮೌಲ್ಯ ಇರುವ ಥ್ರೆಡ್-ಲೋಕಲ್ ವೇರಿಯಬಲ್‌ಗಳು ‘ಟಿಡೇಟಾ’ದಲ್ಲಿ, ಸೊನ್ನೆಯಿಂದ ಶುರುವಾಗುವವು ‘ಟಿಬಿಎಸ್‌ಎಸ್‌’ನಲ್ಲಿ. ಇವುಗಳನ್ನು ಪ್ರೋಗ್ರಾಂ ನೇರವಾಗಿ ಬಳಸುವುದಿಲ್ಲ. ಇವು ಮೂಲ ಪ್ರತಿ ಮಾತ್ರ. ಹೊಸ ಥ್ರೆಡ್ ಹುಟ್ಟಿದಾಗಲೆಲ್ಲ ಈ ಮೂಲದಿಂದ ಒಂದು ನಕಲು ತೆಗೆದು ಅದಕ್ಕೆ ಕೊಡುತ್ತಾರೆ.

ಇದರಲ್ಲಿ ಒಂದು ಖರ್ಚು ಅಡಗಿದೆ. ಯಾರೋ 1 ಎಂಬಿಯ ಅರೇ ಒಂದನ್ನು ಥ್ರೆಡ್-ಲೋಕಲ್ ಅಂತ ಘೋಷಿಸಿದರು ಅಂದುಕೊಳ್ಳಿ. 500 ಥ್ರೆಡ್ ಓಡಿದರೆ ಆ ಒಂದು ಸಾಲಿಗೆ 500 ಎಂಬಿ ವಿಳಾಸದ ಜಾಗ ಮೀಸಲಾಯಿತು. ಆ ಅರೇಯನ್ನು ಒಂದು ಸಲವೂ ಮುಟ್ಟದ ಥ್ರೆಡ್‌ಗೂ ಅದರ ಪಾಲು ಹೋಗುತ್ತದೆ. ಗ್ನು ಸಿ ಲೈಬ್ರರಿ ಈ ಜಾಗವನ್ನು ಥ್ರೆಡ್ಡಿನ ಸ್ಟ್ಯಾಕ್‌ಗೆ ಅಂತ ತೆಗೆದಿಟ್ಟದ್ದರಲ್ಲೇ ಕತ್ತರಿಸುತ್ತದೆ. ಸಣ್ಣ ಸ್ಟ್ಯಾಕ್ ಕೇಳಿ ಥ್ರೆಡ್ ಮಾಡಿದವರು, ಎಲ್ಲೋ ಒಂದು ಲೈಬ್ರರಿಯ ದೊಡ್ಡ ಥ್ರೆಡ್-ಲೋಕಲ್ ಅರೇಯಿಂದಾಗಿ ಸ್ಟ್ಯಾಕ್ ಸಾಲದೆ ಕ್ರ್ಯಾಶ್ ಕಂಡು ತಲೆ ಕೆರೆದುಕೊಳ್ಳುತ್ತಾರೆ. ದೊಡ್ಡದು ಬೇಕಿದ್ದರೆ ಪಾಯಿಂಟರ್ ಮಾತ್ರ ಥ್ರೆಡ್-ಲೋಕಲ್ ಇರಲಿ. ಜಾಗವನ್ನು ಬೇಕಾದಾಗ ಪಡೆಯಿರಿ.

ವೇಗದ ವಿಷಯ. ಮುಖ್ಯ ಪ್ರೋಗ್ರಾಂನಲ್ಲೇ ಇರುವ ವೇರಿಯಬಲ್‌ಗೆ ದೂರ ಎಷ್ಟು ಅಂತ ಲಿಂಕ್ ಮಾಡುವಾಗಲೇ ಗೊತ್ತಿರುತ್ತದೆ, ಹಾಗಾಗಿ ಒಂದೇ ಸೂಚನೆಯಲ್ಲಿ ಕೆಲಸ ಆಗುತ್ತದೆ. ಪ್ರೋಗ್ರಾಂ ಓಡುತ್ತಿರುವಾಗ ಲೋಡ್ ಆಗುವ ಲೈಬ್ರರಿಗೆ ಈ ಸೌಲಭ್ಯ ಇಲ್ಲ. ಆಗಲೇ ಹುಟ್ಟಿರುವ ಥ್ರೆಡ್‌ಗಳ ಜಾಗದಲ್ಲಿ ಅದರ ವೇರಿಯಬಲ್‌ಗೆ ಸ್ಥಳವೇ ಇರಲಿಲ್ಲವಲ್ಲ. ಅಂಥಲ್ಲಿ ಒಂದು ಸಹಾಯಕ ಫಂಕ್ಷನ್ ಕರೆದು, ಪ್ರತಿ ಥ್ರೆಡ್ ಇಟ್ಟುಕೊಂಡಿರುವ ಪಟ್ಟಿಯಲ್ಲಿ ಆ ಲೈಬ್ರರಿಯ ಭಾಗ ಹುಡುಕಬೇಕು. ಕೆಲವು ಲೈಬ್ರರಿಗಳು ವೇಗದ ಆಸೆಗೆ ನೇರ ದಾರಿಯನ್ನೇ ಹಿಡಿದು ಕಂಪೈಲ್ ಆಗಿರುತ್ತವೆ. ಅವನ್ನು ತಡವಾಗಿ ಲೋಡ್ ಮಾಡಿದಾಗ ‘ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕ್‌ನಲ್ಲಿ ಮೆಮೊರಿ ಸಿಗುತ್ತಿಲ್ಲ’ ಎಂಬರ್ಥದ ತಪ್ಪು ಸಂದೇಶ ಬರುತ್ತದೆ. ಕಂಪ್ಯೂಟರ್‌ನಲ್ಲಿ ಬೇಕಾದಷ್ಟು ಮೆಮೊರಿ ಖಾಲಿ ಬಿದ್ದಿದ್ದರೂ ಇದು ಬರಬಹುದು, ಯಾಕೆಂದರೆ ಮುಗಿದುಹೋದದ್ದು ಥ್ರೆಡ್‌ಗಳ ಆ ಸಣ್ಣ ಮೀಸಲು ಜಾಗ ಮಾತ್ರ.

ಸ್ವಂತ ಅಂದ ಮಾತ್ರಕ್ಕೆ ಭದ್ರ ಅಲ್ಲ

ಥ್ರೆಡ್-ಲೋಕಲ್ ವೇರಿಯಬಲ್‌ನ ವಿಳಾಸವನ್ನು ಇನ್ನೊಂದು ಥ್ರೆಡ್‌ಗೆ ಕೊಟ್ಟರೆ ಸಿ ಭಾಷೆ ತಡೆಯುವುದಿಲ್ಲ. ಹೆಸರು ಖಾಸಗಿ, ಮೆಮೊರಿ ಅಲ್ಲ. ವಿಳಾಸ ಕೊಟ್ಟ ಥ್ರೆಡ್ ಮುಗಿದುಹೋದರೆ ಪಡೆದವರ ಕೈಯಲ್ಲಿ ಉಳಿಯುವುದು ಸತ್ತ ಪಾಯಿಂಟರ್. ರಸ್ಟ್ ಭಾಷೆ ಇದನ್ನು ಕಂಪೈಲ್ ಹಂತದಲ್ಲೇ ಹಿಡಿಯುತ್ತದೆ: ಥ್ರೆಡ್-ಲೋಕಲ್ ಮೌಲ್ಯದ ರೆಫರೆನ್ಸ್ ಒಂದು ಸಣ್ಣ ಬ್ಲಾಕ್‌ನ ಒಳಗೆ ಮಾತ್ರ ಸಿಗುತ್ತದೆ, ಹೊರಗೆ ಒಯ್ಯಲು ಬಿಡುವುದಿಲ್ಲ.

ಇನ್ನೊಂದು ಮಿತಿ ಒಂದೇ ಥ್ರೆಡ್ಡಿನ ಒಳಗೇ ಇದೆ. ಸ್ಟ್ರಿಂಗನ್ನು ತುಂಡು ಮಾಡುವ ‘ಸ್ಟ್ರ್‌ಟಾಕ್’ ಎಲ್ಲಿಯವರೆಗೆ ಬಂದೆ ಅನ್ನುವುದನ್ನು ಒಳಗೊಳಗೇ ನೆನಪಿಟ್ಟುಕೊಳ್ಳುತ್ತದೆ. ವಿಂಡೋಸ್‌ನ ಸಿ ಲೈಬ್ರರಿಯಲ್ಲಿ ಆ ನೆನಪು ಥ್ರೆಡ್-ಲೋಕಲ್. ಎರಡು ಥ್ರೆಡ್ ಕರೆದರೆ ತೊಂದರೆ ಇಲ್ಲ. ಆದರೆ ಒಂದೇ ಥ್ರೆಡ್‌ನಲ್ಲಿ, ಸಾಲುಗಳನ್ನು ತುಂಡು ಮಾಡುವ ಲೂಪ್ ಒಳಗೆ ಪದಗಳನ್ನು ತುಂಡು ಮಾಡಲು ಅದನ್ನೇ ಮತ್ತೆ ಕರೆದರೆ ಒಳಗಿನದು ಹೊರಗಿನದರ ನೆನಪನ್ನು ಅಳಿಸಿಬಿಡುತ್ತದೆ. ಪೋಸಿಕ್ಸ್ ಇದಕ್ಕೆ ‘ಸ್ಟ್ರ್‌ಟಾಕ್ ಆರ್’ ಕೊಟ್ಟಿತು. ಅದರಲ್ಲಿ ನೆನಪಿನ ಜಾಗವನ್ನು ಕರೆಯುವವರೇ ಕೊಡಬೇಕು. ನನ್ನ ಮಟ್ಟಿಗೆ ಇದು ಥ್ರೆಡ್-ಲೋಕಲ್‌ಗಿಂತ ಮೇಲು. ಆ ನೆನಪು ನಿಜವಾಗಿ ಥ್ರೆಡ್ಡಿನದ್ದಲ್ಲ, ಆ ಲೂಪಿನದ್ದು. ಯಾರದ್ದೋ ಅವರ ಹತ್ತಿರವೇ ಇದ್ದರೆ ಒಳ್ಳೆಯದು.

ಜಾವಾ ಮತ್ತು ಥ್ರೆಡ್ ಪೂಲ್

ಜಾವಾದಲ್ಲಿ ‘ಥ್ರೆಡ್‌ಲೋಕಲ್’ ಎಂಬ ಕ್ಲಾಸ್ 1.2 ಆವೃತ್ತಿಯಿಂದ ಇದೆ. ಒಂದು ದೊಡ್ಡ ಮ್ಯಾಪ್ ಇಟ್ಟು, ಯಾವ ಥ್ರೆಡ್‌ಗೆ ಯಾವ ಮೌಲ್ಯ ಅಂತ ಬರೆದಿಟ್ಟಿರಬಹುದು ಅಂತ ಮೊದಲು ಅನಿಸುತ್ತದೆ. ಹಾಗಿಲ್ಲ. ಮ್ಯಾಪ್ ಇರುವುದು ಪ್ರತಿ ಥ್ರೆಡ್ ಆಬ್ಜೆಕ್ಟ್‌ನ ಒಳಗೆ. ಥ್ರೆಡ್‌ಲೋಕಲ್ ಆಬ್ಜೆಕ್ಟ್ ಆ ಮ್ಯಾಪ್‌ಗೆ ಕೀಲಿ ಮಾತ್ರ. ತನ್ನ ಮ್ಯಾಪನ್ನು ಆ ಥ್ರೆಡ್ ಒಂದೇ ಮುಟ್ಟುವುದರಿಂದ ಲಾಕ್ ಬೇಕಿಲ್ಲ. ಥ್ರೆಡ್ ಸತ್ತರೆ ಮ್ಯಾಪೂ ಅದರ ಜೊತೆ ಹೋಗುತ್ತದೆ.

ತೊಂದರೆ ಇರುವುದು ಆ ಕೊನೆಯ ಮಾತಿನಲ್ಲಿ. ಸರ್ವರ್‌ಗಳಲ್ಲಿ ಥ್ರೆಡ್‌ಗಳು ಸಾಯುವುದೇ ಇಲ್ಲ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಥ್ರೆಡ್ ಮಾಡುವುದು ದುಬಾರಿ ಅಂತ ಒಂದಷ್ಟನ್ನು ಪೂಲ್‌ನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಾರೆ. ಈಗ ಇದನ್ನು ಗಮನಿಸಿ. ಮೊದಲ ರಿಕ್ವೆಸ್ಟ್ ಬಂತು, ಲಾಗಿನ್ ಪರೀಕ್ಷಿಸಿ ‘ಈಗಿನ ಬಳಕೆದಾರ’ ಎಂಬ ಥ್ರೆಡ್‌ಲೋಕಲ್‌ನಲ್ಲಿ ಅವರ ಗುರುತು ಇಟ್ಟಿರಿ. ಆಳದಲ್ಲಿರುವ ಕೋಡ್ ಅಲ್ಲಿಂದಲೇ ಗುರುತು ಓದಿ ಕೆಲಸ ಮಾಡಿತು. ರಿಕ್ವೆಸ್ಟ್ ಮುಗಿಯಿತು. ಗುರುತು ಅಳಿಸಲಿಲ್ಲ. ಥ್ರೆಡ್ ಪೂಲ್‌ಗೆ ಮರಳಿತು. ಮುಂದಿನ ರಿಕ್ವೆಸ್ಟ್ ಲಾಗಿನ್ ಬೇಕಿಲ್ಲದ ಪುಟಕ್ಕೆ ಬಂದದ್ದು, ಅದೇ ಥ್ರೆಡ್‌ಗೆ ಸಿಕ್ಕಿತು. ಹೊಸದಾಗಿ ಏನನ್ನೂ ಇಡಲಿಲ್ಲ. ಆಳದ ಕೋಡ್ ಓದಿದರೆ ಹಿಂದಿನವರ ಗುರುತೇ ಸಿಕ್ಕಿತು. ಒಬ್ಬರ ಮಾಹಿತಿ ಇನ್ನೊಬ್ಬರ ಪರದೆಯಲ್ಲಿ. ಇದು ಕ್ರ್ಯಾಶ್ ಆಗಿ ಕಣ್ಣಿಗೆ ಬೀಳುವ ತಪ್ಪಲ್ಲ, ಸದ್ದಿಲ್ಲದೆ ನಡೆಯುವ ಭದ್ರತಾ ಲೋಪ. ಅದಕ್ಕೇ ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಪರಿಹಾರ ಗೊತ್ತಿರುವುದೇ: ಇಟ್ಟ ಜಾಗದಲ್ಲೇ ‘ಟ್ರೈ’ ಶುರುಮಾಡಿ, ‘ಫೈನಲಿ’ಯಲ್ಲಿ ‘ರಿಮೂವ್’ ಕರೆಯುವುದು. ಎಕ್ಸೆಪ್ಶನ್ ಬಂದರೂ ಅಳಿಸುವ ಸಾಲು ಓಡಲೇಬೇಕು. ಇಡುವುದೂ ಅಳಿಸುವುದೂ ಒಂದೇ ಫಂಕ್ಷನ್‌ನಲ್ಲಿ ಕಣ್ಣೆದುರು ಇರಲಿ. ಬೇರೆ ಬೇರೆ ಫೈಲ್‌ನಲ್ಲಿದ್ದರೆ ಒಂದಲ್ಲ ಒಂದು ದಿನ ಯಾರೋ ಒಂದನ್ನು ತೆಗೆದುಬಿಡುತ್ತಾರೆ.

ಮೆಮೊರಿ ಲೀಕ್ ಕೂಡ ಇದೇ ಬೇರಿನದು. ಆ ಮ್ಯಾಪ್‌ನಲ್ಲಿ ಕೀಲಿಯನ್ನು ವೀಕ್ ರೆಫರೆನ್ಸ್ ಆಗಿ ಇಟ್ಟಿದ್ದಾರೆ, ಅಂದರೆ ಬೇರೆ ಯಾರೂ ಹಿಡಿದಿಲ್ಲದಿದ್ದರೆ ಗಾರ್ಬೇಜ್ ಕಲೆಕ್ಟರ್ ಒಯ್ಯಬಹುದು. ಮೌಲ್ಯವನ್ನು ಮಾತ್ರ ಗಟ್ಟಿಯಾಗಿ ಹಿಡಿದಿದೆ. ವೆಬ್ ಆ್ಯಪ್ ಒಂದನ್ನು ಸರ್ವರ್ ನಿಲ್ಲಿಸದೆ ತೆಗೆದು ಹಾಕಿದಿರಿ ಅಂತಿಟ್ಟುಕೊಳ್ಳಿ. ಪೂಲ್‌ನ ಥ್ರೆಡ್ ಆ ಆ್ಯಪ್‌ನ ಒಂದು ಸಣ್ಣ ಆಬ್ಜೆಕ್ಟ್ ಹಿಡಿದಿದೆ. ಆಬ್ಜೆಕ್ಟ್ ತನ್ನ ಕ್ಲಾಸನ್ನು, ಕ್ಲಾಸ್ ತನ್ನ ಕ್ಲಾಸ್ ಲೋಡರನ್ನು, ಲೋಡರ್ ಆ ಆ್ಯಪ್‌ನ ಎಲ್ಲ ಕ್ಲಾಸ್‌ಗಳನ್ನೂ ಹಿಡಿದಿದೆ. ಥ್ರೆಡ್‌ಲೋಕಲ್ ಆ ಕ್ಲಾಸ್‌ಗಳಲ್ಲೊಂದರ ಸ್ಟ್ಯಾಟಿಕ್ ಫೀಲ್ಡ್ ಆಗಿದ್ದರೆ ಕೀಲಿಯೂ ಜೀವಂತ. ಒಂದು ಸಣ್ಣ ಆಬ್ಜೆಕ್ಟ್‌ನಿಂದ ಇಡೀ ಹಳೆಯ ಆ್ಯಪ್ ಮೆಮೊರಿಯಲ್ಲಿ ಉಳಿಯುತ್ತದೆ. ನಾಲ್ಕು ಸಲ ಮರು ಡಿಪ್ಲಾಯ್ ಮಾಡಿದರೆ ನಾಲ್ಕು ಹಳೆಯ ಪ್ರತಿಗಳು. ಟಾಮ್‌ಕ್ಯಾಟ್ ಸರ್ವರ್ ಆ್ಯಪ್ ನಿಲ್ಲಿಸುವಾಗ ಇಂಥವನ್ನು ಹುಡುಕಿ ಲಾಗ್‌ನಲ್ಲಿ ಎಚ್ಚರಿಕೆ ಬರೆಯುವುದು ಸುಮ್ನೆ ಅಲ್ಲ.

ಜಾವಾದಲ್ಲಿ ಥ್ರೆಡ್‌ಲೋಕಲ್‌ಗೆ ಬಹಳ ಕಾಲ ಪಠ್ಯದ ಉದಾಹರಣೆಯಾಗಿದ್ದದ್ದು ದಿನಾಂಕವನ್ನು ಬೇಕಾದ ರೂಪದಲ್ಲಿ ಬರೆದುಕೊಡುವ ‘ಸಿಂಪಲ್ ಡೇಟ್ ಫಾರ್ಮ್ಯಾಟ್’. ಅದರ ಒಳಗಿನ ಕ್ಯಾಲೆಂಡರ್ ಪ್ರತಿ ಬಳಕೆಯಲ್ಲೂ ಬದಲಾಗುತ್ತದೆ, ಹಾಗಾಗಿ ಹಂಚುವಂತಿಲ್ಲ. ಪ್ರತಿ ಸಲ ಹೊಸದು ಮಾಡುವುದು ದುಬಾರಿ. ಥ್ರೆಡ್‌ಗೊಂದು ಇಟ್ಟರೆ ಸರಿಹೋಯಿತು. ಜಾವಾ 8ರಲ್ಲಿ ಬಂದ ‘ಡೇಟ್ ಟೈಮ್ ಫಾರ್ಮ್ಯಾಟರ್’ ಬದಲಾಗುವುದೇ ಇಲ್ಲ. ಬದಲಾಗದ್ದನ್ನು ಎಷ್ಟು ಥ್ರೆಡ್ ಬೇಕಾದರೂ ಹಂಚಿಕೊಳ್ಳಬಹುದು. ಆ ಒಂದು ಬದಲಾವಣೆಯಿಂದ ಥ್ರೆಡ್‌ಲೋಕಲ್‌ನ ಅಗತ್ಯವೇ ಹೋಯಿತು.

ಥ್ರೆಡ್ ಬೇರೆ, ಕೆಲಸ ಬೇರೆ

‘ಈಗಿನ ಬಳಕೆದಾರ’ನ ಗುರುತು ಥ್ರೆಡ್ಡಿನದ್ದಾ? ಅಲ್ಲ, ರಿಕ್ವೆಸ್ಟಿನದ್ದು. ಒಂದು ಥ್ರೆಡ್ ಒಂದು ರಿಕ್ವೆಸ್ಟನ್ನು ಮೊದಲಿಂದ ಕೊನೆವರೆಗೆ ನೋಡಿಕೊಳ್ಳುವಷ್ಟು ಕಾಲ ಎರಡೂ ಒಂದೇ ಅನ್ನುವಂತೆ ನಡೆಯಬಹುದು. ಅಸಿಂಕ್ ಕೋಡ್, ಅಂದರೆ ಕಾಯುವ ಹೊತ್ತಿನಲ್ಲಿ ಥ್ರೆಡ್ಡನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವ ಕೋಡ್, ಬಂದ ಮೇಲೆ ಆ ಜೋಡಿ ಮುರಿಯಿತು.

ಪೈಥಾನ್‌ನ ಅಸಿಂಕ್‌ಐಓದಲ್ಲಿ ಸಾವಿರ ಕೆಲಸಗಳು ಒಂದೇ ಥ್ರೆಡ್‌ನಲ್ಲಿ ಸರದಿಯಂತೆ ಓಡುತ್ತವೆ. ಅಲ್ಲಿ ‘ಥ್ರೆಡಿಂಗ್ ಲೋಕಲ್’ ಬಳಸಿದರೆ ಸಾವಿರಕ್ಕೂ ಒಂದೇ ಖಾನೆ. ಒಂದು ಕೆಲಸ ‘ಅವೇಟ್’ ಅಂತ ನಿಂತಾಗ ಇನ್ನೊಂದು ಬಂದು ಬದಲಿಸುತ್ತದೆ. ಎರ್‌ನೋದ ಹಳೆಯ ಕತೆ ಮತ್ತೆ ಶುರು. ಸಿ ಶಾರ್ಪ್‌ನಲ್ಲಿ ಇದರ ಇನ್ನೊಂದು ಮುಖ: ‘ಅವೇಟ್’ ಮೊದಲು ಒಂದು ಥ್ರೆಡ್‌ನಲ್ಲಿದ್ದ ಕೋಡ್ ಆಮೇಲೆ ಬೇರೆ ಥ್ರೆಡ್‌ನಲ್ಲಿ ಮುಂದುವರಿಯಬಹುದು. ಇಟ್ಟದ್ದು ಹಿಂದೆಯೇ ಉಳಿಯುತ್ತದೆ. ಹಾಗಾಗಿ ಪೈಥಾನ್ 3.7 ‘ಕಾಂಟೆಕ್ಸ್ಟ್‌ವಾರ್ಸ್’ ತಂದಿತು, ಡಾಟ್‌ನೆಟ್ ‘ಅಸಿಂಕ್ ಲೋಕಲ್’ ತಂದಿತು. ಇವು ಥ್ರೆಡ್ಡನ್ನು ಬಿಟ್ಟು ಕೆಲಸದ ಬೆನ್ನು ಹಿಡಿಯುತ್ತವೆ.

ಗೋ ಭಾಷೆ ಇನ್ನೂ ಖಡಕ್. ಗೊರೂಟೀನ್ ಎಂಬ ತನ್ನ ಹಗುರ ಥ್ರೆಡ್‌ಗೆ ಖಾಸಗಿ ಸ್ಟೋರೇಜ್ ಕೊಡಲೇ ಇಲ್ಲ. ರಿಕ್ವೆಸ್ಟಿನ ಮಾಹಿತಿ ಬೇಕಿದ್ದರೆ ‘ಕಾಂಟೆಕ್ಸ್ಟ್’ ಎಂಬ ಮೌಲ್ಯವನ್ನು ಪ್ರತಿ ಫಂಕ್ಷನ್ನಿಗೂ ಮೊದಲ ಪ್ಯಾರಾಮೀಟರ್ ಆಗಿ ದಾಟಿಸಿ ಅನ್ನುತ್ತದೆ. ಬರೆಯಲು ಕಿರಿಕಿರಿ, ನಿಜ. ಆದರೆ ಆರು ತಿಂಗಳ ನಂತರ ಓದುವವರಿಗೆ ಡೇಟಾ ಎಲ್ಲಿಂದ ಬಂತು ಅನ್ನುವುದು ಫಂಕ್ಷನ್ನಿನ ಪ್ಯಾರಾಮೀಟರ್ ಪಟ್ಟಿಯಲ್ಲೇ ಕಾಣುತ್ತದೆ. ಜಾವಾ ನಡುದಾರಿ ಹಿಡಿಯಿತು. ಜಾವಾ 21ರ ವರ್ಚುವಲ್ ಥ್ರೆಡ್‌ಗಳು ಹಗುರ, ಲಕ್ಷಗಟ್ಟಲೆ ಮಾಡಬಹುದು. ಅವುಗಳಲ್ಲೂ ಥ್ರೆಡ್‌ಲೋಕಲ್ ಕೆಲಸ ಮಾಡುತ್ತದೆ, ಆದರೆ ಒಂದೊಂದಕ್ಕೂ ದೊಡ್ಡ ಬಫರ್ ಇಡುವ ಹಳೆಯ ರೂಢಿ ಅಲ್ಲಿ ನಡೆಯುವುದಿಲ್ಲ. ಜಾವಾ 25ರಲ್ಲಿ ಪೂರ್ಣವಾಗಿ ಸೇರಿದ ‘ಸ್ಕೋಪ್ಡ್ ವ್ಯಾಲ್ಯೂ’ ಒಂದು ಬ್ಲಾಕ್‌ನ ಅವಧಿಗೆ ಮಾತ್ರ ಮೌಲ್ಯ ಕಟ್ಟುತ್ತದೆ. ಬ್ಲಾಕ್ ಮುಗಿದರೆ ತಾನೇ ಬಿಟ್ಟುಹೋಗುತ್ತದೆ. ಅಳಿಸಲು ಮರೆಯುವ ಅವಕಾಶವೇ ಇಲ್ಲ.

ಹಾಗಾದರೆ ನಿಜವಾಗಿ ಥ್ರೆಡ್ಡಿನದ್ದೇ ಆದ ಡೇಟಾ ಯಾವುದು? ಕೇಳಿದಾಗ ಮೆಮೊರಿ ಒದಗಿಸುವ ಲೈಬ್ರರಿಗಳು ಒಳ್ಳೆಯ ಉದಾಹರಣೆ. ಗ್ನು ಸಿ ಲೈಬ್ರರಿ 2017ರ 2.26 ಆವೃತ್ತಿಯಲ್ಲಿ ಪ್ರತಿ ಥ್ರೆಡ್‌ಗೂ ಬಿಡುಗಡೆಯಾದ ಸಣ್ಣ ತುಂಡುಗಳ ಸ್ವಂತ ಸಂಗ್ರಹ ಕೊಟ್ಟಿತು. ಅದೇ ಅಳತೆ ಮತ್ತೆ ಬೇಕಾದಾಗ ಲಾಕ್ ಇಲ್ಲದೆ ಅಲ್ಲಿಂದಲೇ ಸಿಗುತ್ತದೆ. ಯಾವ ಥ್ರೆಡ್ ಬಳಸಿದರೂ ಉತ್ತರ ತಪ್ಪಾಗುವುದಿಲ್ಲ, ವೇಗ ಮಾತ್ರ ಬದಲಾಗುತ್ತದೆ. ಯಾದೃಚ್ಛಿಕ ಸಂಖ್ಯೆ ಕೊಡುವ ಜಾವಾ 7ರ ‘ಥ್ರೆಡ್ ಲೋಕಲ್ ರ‍್ಯಾಂಡಮ್’ ಕೂಡ ಇದೇ ಜಾತಿ.

ಎಣಿಕೆ ಇನ್ನೊಂದು. ಎಷ್ಟು ಪ್ಯಾಕೆಟ್ ಬಂತು ಅಂತ ಎಲ್ಲ ಥ್ರೆಡ್‌ಗಳೂ ಒಂದೇ ಕೌಂಟರ್ ಹೆಚ್ಚಿಸಿದರೆ ಪ್ರೋಸೆಸರ್ ಕೋರ್‌ಗಳು ಆ ಒಂದು ಜಾಗಕ್ಕಾಗಿ ಕಿತ್ತಾಡುತ್ತವೆ. ಥ್ರೆಡ್‌ಗೊಂದು ಕೌಂಟರ್ ಇಟ್ಟು, ಒಟ್ಟು ಬೇಕಾದಾಗ ಕೂಡಿಸುವುದು ಜಾಣತನ. ಇಲ್ಲಿ ಒಂದು ಹುಷಾರು. ಈ ಕೌಂಟರ್‌ಗಳನ್ನು ಒಂದೇ ಅರೇಯಲ್ಲಿ ಪಕ್ಕಪಕ್ಕ ಇಟ್ಟರೆ ಲಾಭ ಹೋಯಿತು. ಎಕ್ಸ್86 ಪ್ರೋಸೆಸರ್‌ಗಳು ಮೆಮೊರಿಯನ್ನು 64 ಬೈಟ್‌ಗಳ ಕ್ಯಾಶ್ ಲೈನ್ ಆಗಿ ಎಳೆದುಕೊಳ್ಳುತ್ತವೆ. 8 ಬೈಟ್‌ಗಳ 8 ಕೌಂಟರ್ ಒಂದೇ ಲೈನ್‌ನಲ್ಲಿ ಕೂರುತ್ತವೆ, ಹೆಸರಿಗೆ ಬೇರೆ ಬೇರೆಯಾದರೂ ಕಿತ್ತಾಟ ನಿಲ್ಲುವುದಿಲ್ಲ. ಲಿನಕ್ಸ್ ಕರ್ನಲ್ ತನ್ನೊಳಗೆ ಥ್ರೆಡ್‌ಗೊಂದರ ಬದಲು ಸಿಪಿಯುಗೊಂದು ಪ್ರತಿ ಇಡುತ್ತದೆ. ಥ್ರೆಡ್‌ಗಳು ಸಾವಿರ ಇರಬಹುದು, ಸಿಪಿಯುಗಳು ಅಷ್ಟಿಲ್ಲ.

ಪೂಲ್‌ನಲ್ಲಿ ಹಳೆಯ ಡೇಟಾ ಉಳಿಯುವ ತಪ್ಪನ್ನು ಟೆಸ್ಟ್‌ನಲ್ಲಿ ಹಿಡಿಯುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಥ್ರೆಡ್ ತಪ್ಪು ಅಂದರೆ ನೂರಾರು ಥ್ರೆಡ್ ಓಡಿಸಿ ಅದೃಷ್ಟ ನೋಡಬೇಕು ಅನ್ನುವ ನಂಬಿಕೆ ಇದೆ. ಈ ತಪ್ಪಿಗೆ ಅದರ ಉಲ್ಟಾ. ಪೂಲ್‌ನ ಗಾತ್ರವನ್ನು 1 ಮಾಡಿ. ಲಾಗಿನ್ ಆದ ರಿಕ್ವೆಸ್ಟ್ ಒಂದನ್ನು ಕಳಿಸಿ, ಮುಗಿಯಲಿ. ಆಮೇಲೆ ಲಾಗಿನ್ ಇಲ್ಲದ್ದನ್ನು ಕಳಿಸಿ, ಆಳದ ಕೋಡ್‌ಗೆ ಬಳಕೆದಾರ ಕಾಣುತ್ತಾನಾ ಪರೀಕ್ಷಿಸಿ. ಒಂದೇ ಥ್ರೆಡ್ ಇರುವುದರಿಂದ ಎರಡನೆಯದು ಅದೇ ಥ್ರೆಡ್‌ಗೆ ಹೋಗಲೇಬೇಕು. ಲೋಪ ಇದ್ದರೆ ಪ್ರತಿ ಸಲವೂ ಸಿಕ್ಕಿಬೀಳುತ್ತದೆ. ಮೊದಲ ರಿಕ್ವೆಸ್ಟ್ ನಡುವೆಯೇ ಎಕ್ಸೆಪ್ಶನ್ ಎಸೆಯುವ ಇನ್ನೊಂದು ಟೆಸ್ಟನ್ನೂ ಪಕ್ಕದಲ್ಲಿ ಬರೆದಿಡಿ. ‘ಫೈನಲಿ’ ಬಿಟ್ಟುಹೋದದ್ದು ಅಲ್ಲೇ ಗೊತ್ತಾಗುತ್ತದೆ.